ಮದ್ದಿನ ಡ್ರಮ್ಮಿನ ತಿಳಿನೀಲಿ

ಮೇ ತಿಂಗಳ ಕೊನೆಯ ವಾರ. ಮಳೆ ಇನ್ನೇನು ಬಂತು ಅನ್ನುವಷ್ಟರಲ್ಲಿ ಸವಣೂರಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ ಶುರುವಾಗುತ್ತದೆ. ತೋಟದ ಬದಿಯಲ್ಲಿ ಎರಡು ಡ್ರಮ್ಮು. ಒಂದರಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು. ನೀಲಿ ನೀರು, ಬಗ್ಗಿ ನೋಡಿದರೆ ತಳ ಕಾಣುತ್ತದೆ. ಇನ್ನೊಂದರಲ್ಲಿ ಅಷ್ಟೇ ನೀರಿಗೆ ಅಷ್ಟೇ ಸುಣ್ಣ. ಹಾಲಿನ ಹಾಗೆ ಬೆಳ್ಳಗೆ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಮೆಲ್ಲನೆ ಸುರಿಯುತ್ತಾ ಕೋಲಿನಲ್ಲಿ ತಿರುಗಿಸಿದರೆ ಡ್ರಮ್ಮಿನೊಳಗೆ ಮೂರನೆಯದೊಂದು ಬಣ್ಣ ಏಳುತ್ತದೆ. ಅತ್ತ ಬಿಳಿಯಲ್ಲ, ಇತ್ತ ನೀಲಿಯೆಂದು ಜೋರಾಗಿ ಹೇಳುವಂತೆಯೂ ಇಲ್ಲ. ಎರಡು ದಿನ ಕಳೆದರೆ ಅದೇ ಬಣ್ಣ ಅಡಿಕೆ ಗೊನೆಗಳ ಮೇಲೆ, ಮರದ ಕಾಂಡದ ಮೇಲೆ, ಮದ್ದು ಬಿಟ್ಟವರ ಲುಂಗಿ ಅಂಗಿಗಳ ಮೇಲೆ, ಅಂಗಳದ ಮೂಲೆಯ ಪೈಪಿನ ಮೇಲೆ ಒಣಗಿ ಕೂತಿರುತ್ತದೆ.

ಈ ಸವಣೂರು ಹಾವೇರಿ ಜಿಲ್ಲೆಯ ನವಾಬರ ಸವಣೂರಲ್ಲ. ಹಿಂದೆ ಪುತ್ತೂರು ತಾಲೂಕಿಗೆ, ಈಗ ಕಡಬ ತಾಲೂಕಿಗೆ ಸೇರಿದ ದಕ್ಷಿಣ ಕನ್ನಡದ ಊರು. ಅಡಿಕೆ, ತೆಂಗು, ರಬ್ಬರಿನ ನಡುವೆ ಒಂದೊಂದು ಮನೆ. ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಇಲ್ಲಿಯ ಎಷ್ಟೋ ಮನೆಗಳಿಗೆ ಬಣ್ಣ ಬಳಿಯುವ ಕಾಲ. ಆಗ ಪುತ್ತೂರು ಪೇಟೆಯ ಪೈಂಟಿನ ಅಂಗಡಿಯಲ್ಲಿ ಶೇಡ್ ಕಾರ್ಡ್ ಹಿಡಿದು ನಿಂತವರ ಬೇಡಿಕೆ ಬಹಳ ಸಲ ಒಂದೇ: ತಿಳಿನೀಲಿ ಬೇಕು, ಕಣ್ಣಿಗೆ ತಂಪಾಗಿರಬೇಕು, ಆದರೆ ಹೊಡೆದು ಕಾಣಬಾರದು. ಕಾರ್ಡಿನಲ್ಲಿ ಅಂಥವು ಒಂದಲ್ಲ, ಹತ್ತಾರು. ಒಂದನ್ನು ಆರಿಸಿ ತಂದು ಬಳಿದ ಮೇಲೆ ಒಂದು ಮನೆಯಲ್ಲಿ ಅದು ಆಸ್ಪತ್ರೆಯ ವಾರ್ಡಿನ ಹಾಗೆ, ಇನ್ನೊಂದರಲ್ಲಿ ನೇರಳೆ ಹೂವಿನ ಹಾಗೆ, ಮತ್ತೊಂದರಲ್ಲಿ ಬರೀ ಕೊಳೆಯಾದ ಬಿಳಿಯ ಹಾಗೆ ಕಾಣುತ್ತದೆ. ಅಂಗಡಿಯವರೂ ಮೋಸ ಮಾಡಿಲ್ಲ, ಪೈಂಟರೂ ಕೈಕೊಟ್ಟಿಲ್ಲ. ತಿಳಿನೀಲಿಯ ಸ್ವಭಾವವೇ ಹಾಗೆ. ಅದರ ಅರ್ಧ ಡಬ್ಬಿಯಲ್ಲಿರುತ್ತದೆ, ಉಳಿದರ್ಧ ಮನೆಯ ಸುತ್ತಮುತ್ತ ಇರುತ್ತದೆ.

ಡಬ್ಬಿಯೊಳಗಿನ ಅರ್ಧವನ್ನು ತಿಳಿಯಲು ಡ್ರಮ್ಮಿನಷ್ಟು ಒಳ್ಳೆಯ ಪ್ರಯೋಗಶಾಲೆ ಬೇರೆ ಸಿಗದು. ಮೈಲುತುತ್ತೆಂದರೆ ತಾಮ್ರದ ಸಲ್ಫೇಟ್. ನೀರಿನಲ್ಲಿ ಕರಗಿದ ತಾಮ್ರದ ಅಯಾನುಗಳು ಬೆಳಕಿನ ಕೆಂಪು, ಕಿತ್ತಳೆ ಭಾಗವನ್ನು ನುಂಗಿ ನೀಲಿಯನ್ನು ಬಿಟ್ಟುಕೊಡುತ್ತವೆ. ಸುಣ್ಣ ಸೇರಿದ ಕೂಡಲೇ ತಾಮ್ರ ನೀರಿನಿಂದ ಹೊರಬಂದು ಅತಿ ಸಣ್ಣ ಕಣಗಳಾಗಿ ತೇಲತೊಡಗುತ್ತದೆ. ಜೊತೆಗೆ ಜಿಪ್ಸಮ್, ಉಳಿದ ಸುಣ್ಣ, ಎಲ್ಲ ಬಿಳಿ ಪುಡಿ. ಈ ಬಿಳಿ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ, ತಾಮ್ರದ ಕಣಗಳು ಅದರಲ್ಲಿ ಸ್ವಲ್ಪ ಕೆಂಪನ್ನು ಕದಿಯುತ್ತವೆ. ಬಹಳಷ್ಟು ಚದುರುವಿಕೆ, ಸ್ವಲ್ಪವೇ ಕಳ್ಳತನ: ಲೋಕದ ಯಾವ ತಿಳಿನೀಲಿ ಬಣ್ಣದ ಡಬ್ಬಿ ತೆರೆದರೂ ಒಳಗಿರುವ ಸೂತ್ರ ಇಷ್ಟೇ.

ಮಿಶ್ರಣ ಸರಿಯಾಗಿದೆಯೇ ಎಂದು ನೋಡಲು ತೋಟದವರು ಕತ್ತಿ ಅದ್ದುತ್ತಾರೆ. ಹೊಳೆಯುವ ಕಬ್ಬಿಣದ ಅಲಗನ್ನು ಸ್ವಲ್ಪ ಹೊತ್ತು ಮುಳುಗಿಸಿ ತೆಗೆದಾಗ ಅದರ ಮೇಲೆ ಕಂದುಗೆಂಪು ಪೊರೆ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣವನ್ನು ಸರಿಸಿ ತಾನು ಅಲ್ಲಿ ಕೂತಿದೆ. ಇನ್ನೊಂದಿಷ್ಟು ಸುಣ್ಣದ ನೀರು, ಮತ್ತೆ ಕತ್ತಿ. ಅಲಗು ಬೆಳ್ಳಗೆ ಹೊರಬಂದರೆ ಮದ್ದು ತಯಾರು. ಪ್ರಯೋಗಾಲಯದ ಸಲಕರಣೆ ಇಲ್ಲದೆ ಇಷ್ಟು ಚೊಕ್ಕವಾಗಿ ನಡೆಯುವ ರಸಾಯನಶಾಸ್ತ್ರದ ಪರೀಕ್ಷೆ ಹಳ್ಳಿಗಳಲ್ಲಿ ಹೆಚ್ಚಿಲ್ಲ.

ಬೋರ್ಡೋ ದ್ರಾವಣವೆಂಬ ಈ ಮದ್ದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕೀಳಬಾರದೆಂದು ಬೋರ್ಡೋ ಕಡೆಯ ರೈತರು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲದ್ದನ್ನು ಸಸ್ಯವಿಜ್ಞಾನಿ ಪಿಯರ್ ಮಿಲಾರ್ದೆ 1882ರಲ್ಲಿ ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದ. ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಮದ್ದೆಂದು ಮೈಸೂರು ಸಂಸ್ಥಾನದಲ್ಲಿ ಸಾಧಿಸಿ ತೋರಿಸಿದವನು ಕೆನಡಾದಿಂದ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲೆ ಅವನ ವರದಿ 1910ರಲ್ಲಿ ಬಂತು. ಅದಕ್ಕೂ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುವುದೊಂದೇ ದಾರಿಯಾಗಿತ್ತು. ಇವತ್ತು ಸವಣೂರಿನ ಆಸುಪಾಸಿನ ತೋಟದವರು ಅಡಿಕೆಯ ಸಂಶಯಗಳಿದ್ದರೆ ವಿಟ್ಲದಲ್ಲಿರುವ, ತೋಟದ ಬೆಳೆಗಳ ಸಂಶೋಧನೆ ನಡೆಸುವ ಸಿಪಿಸಿಆರ್‌ಐ ಕೇಂದ್ರದ ಕಡೆ ನೋಡುತ್ತಾರೆ. ಮದ್ದಿನ ಬಣ್ಣ ಮಾತ್ರ ಮಿಲಾರ್ದೆಯ ಕಾಲದ್ದೇ.

ಹಾಗಾದರೆ ಗೋಡೆಗೆ ಇದನ್ನೇ ಬಳಿಯಬಹುದಲ್ಲ? ಯುರೋಪಿನಲ್ಲಿ ಒಂದು ಕಾಲಕ್ಕೆ ಬಳಿದಿದ್ದಾರೆ ಕೂಡ. ತಾಮ್ರದ ಸಲ್ಫೇಟು, ಸುಣ್ಣ ಸೇರಿಸಿ ಬಂದ ಪುಡಿಯನ್ನು ‘ಸುಣ್ಣದ ನೀಲಿ’ ಎಂದೇ ಕರೆಯುತ್ತಿದ್ದರು. ಆದರೆ ತಾಮ್ರದ ಆ ಸಂಯುಕ್ತ ನಿಲ್ಲುವ ಜಾತಿಯದಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಹಸಿರಿಗೆ ತಿರುಗುತ್ತದೆ, ಗಂಧಕದ ಹೊಗೆ ತಾಗಿದರೆ ಕಪ್ಪಾಗುತ್ತದೆ. ಮೇಲಾಗಿ ತಾಮ್ರದ ಪುಡಿ ಮನೆಯೊಳಗೆ ಉದುರುವುದು ಮಕ್ಕಳಿರುವ ಕಡೆ ಯಾರಿಗೂ ಬೇಡ. ಅದು ತೋಟದಲ್ಲಿದ್ದರೇ ಚೆಂದ.

ಮನೆಯೊಳಗೆ ಹಿಂದಿನವರು ಬಳಸುತ್ತಿದ್ದುದು ಬೇರೆ ನೀಲಿ. ಕರಾವಳಿಯ ಚಿಪ್ಪಿನ ಸುಣ್ಣಕ್ಕೆ ನೀರು ಹೊಯ್ದು, ಅದು ಕೊತಕೊತ ಕುದಿದು ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, ಬಟ್ಟೆ ಒಗೆಯಲು ತಂದಿಟ್ಟ ನೀಲಿಯ ಪುಡಿಯನ್ನು ಚಿಟಿಕೆ ಹಾಕುವುದು. ಸಣ್ಣ ಚಿಟಿಕೆಯಾದರೆ ಸುಣ್ಣದಲ್ಲಿರುವ ಹಳದಿ ಛಾಯೆ ಸತ್ತು ಗೋಡೆ ಇನ್ನೂ ಬಿಳಿಯಾಗಿ ಕಾಣುತ್ತದೆ. ಕೈ ಸ್ವಲ್ಪ ಜಾರಿದರೆ ತಿಳಿನೀಲಿ. ಚಾವಡಿಗೆ ಬಿಳಿ, ಒಳಕೋಣೆಗೆ ನೀಲಿ ಎಂಬ ವ್ಯತ್ಯಾಸ ಎಷ್ಟೋ ಹಂಚಿನ ಮನೆಗಳಲ್ಲಿ ಈ ಕೈಯ ಅಳತೆಯಿಂದಲೇ ಆದದ್ದು.

ಆ ಪುಡಿಯ ಹಿಂದೆ ಒಂದು ದೊಡ್ಡ ಕತೆಯಿದೆ. ಅಲ್ಟ್ರಾಮರೀನ್ ಎಂಬ ಆ ನೀಲಿ ಶತಮಾನಗಳ ಕಾಲ ಅಫ್ಘಾನಿಸ್ತಾನದ ಬದಖ್ಶಾನದ ಗಣಿಗಳಿಂದ ಬರುವ ಲಾಜವರ್ದ ಕಲ್ಲನ್ನು ಅರೆದು ಮಾಡಿದ್ದು. ಯುರೋಪಿನ ಚಿತ್ರಕಾರರಿಗೆ ಚಿನ್ನದ ಬೆಲೆ. ಕಾರ್ಖಾನೆಯಲ್ಲಿ ಅದನ್ನು ತಯಾರಿಸಿದವರಿಗೆ 6000 ಫ್ರಾಂಕ್ ಬಹುಮಾನವೆಂದು ಫ್ರಾನ್ಸಿನಲ್ಲಿ 1824ರಲ್ಲಿ ಸಾರಿದರು. ಜ್ಯಾಂ ಬಪ್ತಿಸ್ತ್ ಗಿಮೆ ಎಂಬವನು ಎರಡೇ ವರ್ಷದಲ್ಲಿ ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು ಸೇರಿಸಿ ಸುಟ್ಟು ಅದನ್ನು ಸಾಧಿಸಿದ. ರಾಜರ ನೀಲಿ ಅಗಸರ ನೀಲಿಯಾಯಿತು. ಬಟ್ಟೆಗೆ ಹಾಕಿ ಮಿಕ್ಕದ್ದು ಗೋಡೆಗೆ ಬಂತು.

ಸುಣ್ಣಕ್ಕೆ ಈ ನೀಲಿ ಒಗ್ಗಿದ್ದು ಅದೃಷ್ಟವೇ ಸರಿ. ಹಸಿ ಸುಣ್ಣ ಕಡು ಕ್ಷಾರ, ಅದರ ಪಿಎಚ್ 12ರ ಮೇಲೆ. ಅಲ್ಟ್ರಾಮರೀನ್ ಹುಳಿ ತಾಗಿದರೆ ಸಾಯುತ್ತದೆ, ಕ್ಷಾರಕ್ಕೆ ಜಗ್ಗುವುದಿಲ್ಲ. ಅದರ ಬದಲು 18ನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿಯನ್ನು ಸುಣ್ಣಕ್ಕೆ ಬೆರೆಸಿದ್ದರೆ ಅದು ಒಡೆದು ತುಕ್ಕಿನ ಕಂದು ಬಣ್ಣಕ್ಕೆ ತಿರುಗುತ್ತಿತ್ತು.

ಸುಣ್ಣ ಬಳಿದವರಿಗೆ ಇನ್ನೊಂದು ಸಂಗತಿ ಗೊತ್ತು. ಬಳಿಯುವಾಗ ಏನೂ ಕಾಣುವುದಿಲ್ಲ. ಹಳೆಯ ಕಲೆಗಳೆಲ್ಲ ಹಾಗೇ ಕಾಣುತ್ತವೆ, ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರೆ ಗೋಡೆ ಬೆಳ್ಳಗೆ. ಸುಣ್ಣದ ಕಣಕ್ಕೂ ನೀರಿಗೂ ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಹೆಚ್ಚು ಅಂತರವಿಲ್ಲ. ಹಾಗಾಗಿ ಹಸಿಯಾಗಿದ್ದಾಗ ಬೆಳಕು ಕಣಗಳ ನಡುವೆ ನುಸುಳಿ ಗೋಡೆಯನ್ನೇ ಮುಟ್ಟುತ್ತದೆ. ನೀರು ಆರಿ ಆ ಜಾಗಕ್ಕೆ ಗಾಳಿ ಬಂದಾಗ ಅಂತರ ಹೆಚ್ಚಿ ಬೆಳಕು ಚದುರುತ್ತದೆ. ಒದ್ದೆ ಸುಣ್ಣ ನೋಡಿ ‘ನೀಲಿ ಜಾಸ್ತಿ ಆಯಿತು’ ಎಂದು ಗಾಬರಿಯಾದವರು ಒಣಗಿದ ಮೇಲೆ ‘ಸಾಲದಾಯಿತು’ ಎಂದು ಪೇಚಾಡುವುದು ಇದೇ ಕಾರಣಕ್ಕೆ.

ಈಗಿನ ಎಮಲ್ಶನ್ ಪೈಂಟಿನಲ್ಲಿ ಸುಣ್ಣದ ಜಾಗಕ್ಕೆ ಟೈಟಾನಿಯಂ ಡೈಆಕ್ಸೈಡ್ ಬಂದು ಕೂತಿದೆ. ಕೇರಳದ ಚವರದ ಕಡಲತೀರದ ಕಪ್ಪು ಮರಳಿನಲ್ಲಿರುವ ಇಲ್ಮೆನೈಟಿನಿಂದ ತೆಗೆಯಬಹುದಾದ ಈ ಬಿಳಿಪುಡಿಯ ವಕ್ರೀಭವನಾಂಕ 2.7ರಷ್ಟು. ಅಂಟು ರಾಳದೊಳಗೆ ಮುಳುಗಿದ್ದರೂ ಬೆಳಕನ್ನು ಚದುರಿಸುತ್ತಲೇ ಇರುತ್ತದೆ. ನೀಲಿಯ ಜಾಗಕ್ಕೆ ಥಾಲೋಸಯನೀನ್ ಬಂದಿದೆ. 1920ರ ದಶಕದ ಕೊನೆಯಲ್ಲಿ ಆಕಸ್ಮಿಕವಾಗಿ ಕೈಗೆ ಸಿಕ್ಕಿ, 1935ರಲ್ಲಿ ಮಾರುಕಟ್ಟೆಗೆ ಬಂದ ವರ್ಣದ್ರವ್ಯ. ಅದರ ಅಣುವಿನ ನಡುಮಧ್ಯೆ ಕೂತಿರುವುದು ಒಂದು ತಾಮ್ರದ ಪರಮಾಣು! ಮದ್ದಿನ ಡ್ರಮ್ಮಿನ ತಾಮ್ರ ಸುತ್ತಿ ಬಳಸಿ ಕೊನೆಗೆ ಗೋಡೆಗೇ ಬಂದ ಹಾಗಾಯಿತು. ಈ ಸಲ ಕ್ಷಾರಕ್ಕೂ ಬಿಸಿಲಿಗೂ ಜಗ್ಗದ ವೇಷದಲ್ಲಿ.

ಥಾಲೋ ನೀಲಿಯ ಬಲ ಬಹಳ. ಅಂಗಡಿಯ ಟಿಂಟಿಂಗ್ ಯಂತ್ರ ಬಿಳಿ ಬೇಸಿನ ಡಬ್ಬಿಗೆ ಕೆಲವೇ ಹನಿ ಹಾಕಿ ಮುಚ್ಚಿ ಕುಲುಕುತ್ತದೆ. ಹನಿಯೊಂದು ಹೆಚ್ಚಾದರೆ ಗಾಢ ಬಣ್ಣದಲ್ಲಿ ಗೊತ್ತೇ ಆಗದು, ತಿಳಿ ಬಣ್ಣದಲ್ಲಿ ಕಣ್ಣಿಗೆ ರಾಚುತ್ತದೆ. ಐವತ್ತು ಹನಿಗೆ ಒಂದು ಸೇರುವುದಕ್ಕೂ ನಾಲ್ಕು ಹನಿಗೆ ಒಂದು ಸೇರುವುದಕ್ಕೂ ವ್ಯತ್ಯಾಸವಿದೆಯಲ್ಲ! ಪೈಂಟರ್ ಕೈಯಲ್ಲಿ ಸ್ಟೈನರ್ ಬಾಟಲಿ ಹಿಡಿದು ಅಂದಾಜಿನಲ್ಲಿ ಬೆರೆಸುವ ತಿಳಿನೀಲಿ ಎರಡನೇ ಬಕೆಟಿಗೆ ಹೊಂದದಿರುವುದೂ ಇದರಿಂದಲೇ. ಇಡೀ ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ತಂದು, ಡಬ್ಬಿಗಳನ್ನೆಲ್ಲ ದೊಡ್ಡ ಬಕೆಟಿನಲ್ಲಿ ಬೆರೆಸಿಕೊಂಡು ಶುರುಮಾಡುವುದು ಜಾಣತನ.

  

ಡಬ್ಬಿಯ ಅರ್ಧ ಅಲ್ಲಿಗೆ ಮುಗಿಯಿತು. ತೊಂದರೆ ಇರುವುದು ಇನ್ನರ್ಧದಲ್ಲಿ.

ಮೊದಲ ಮೋಸ ಶೇಡ್ ಕಾರ್ಡಿನದು. ಕಾರ್ಡಿನ ಚೂರು ಎರಡು ಬೆರಳಗಲ, ಸುತ್ತ ಬಿಳಿ ಅಂಚು. ಕಣ್ಣಿನ ಅಕ್ಷಿಪಟಲದಲ್ಲಿ ನೀಲಿಗೆ ಸ್ಪಂದಿಸುವ ಶಂಕುಗಳು ಒಟ್ಟು ಶಂಕುಗಳಲ್ಲಿ ನೂರಕ್ಕೆ ಹತ್ತೂ ಇಲ್ಲ, ನೋಟದ ನಟ್ಟನಡುವೆಯಂತೂ ಒಂದೂ ಇಲ್ಲ. ಅಲ್ಲೊಂದು ಹಳದಿ ಛಾಯೆಯ ಪೊರೆಯೂ ಇದ್ದು ನೀಲಿಯನ್ನು ಸೋಸುತ್ತದೆ. ಸಣ್ಣ ಚೂರನ್ನು ನೋಡುವ ಕಣ್ಣಿಗೂ ದೊಡ್ಡ ಗೋಡೆಯನ್ನು ನೋಡುವ ಕಣ್ಣಿಗೂ ವ್ಯತ್ಯಾಸ ಇದೆಯೆಂದೇ ಬಣ್ಣ ಅಳೆಯುವ ಅಂತರರಾಷ್ಟ್ರೀಯ ಆಯೋಗ ಎರಡು ಬೇರೆ ಬೇರೆ ‘ಪ್ರಮಾಣಿತ ನೋಡುಗ’ರನ್ನು ಇಟ್ಟುಕೊಂಡಿದೆ. 1931ರಲ್ಲಿ 2 ಡಿಗ್ರಿಯ ನೋಟಕ್ಕೆ ಒಂದು, 1964ರಲ್ಲಿ 10 ಡಿಗ್ರಿಗೆ ಇನ್ನೊಂದು. ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲ ಸುಮಾರು 2 ಡಿಗ್ರಿ, ಮುಷ್ಟಿಯದು ಸುಮಾರು 10. ಕಾರ್ಡನ್ನು ಹೆಬ್ಬೆರಳಿನ ಕಣ್ಣಿನಲ್ಲಿ ಆರಿಸಿ ಮನೆಯಲ್ಲಿ ಮುಷ್ಟಿಗಿಂತ ನೂರಾರು ಪಟ್ಟು ದೊಡ್ಡ ಗೋಡೆಯೊಡನೆ ಬದುಕುವುದು ನಮ್ಮ ಪಾಡು.

ಎರಡನೆಯದು ಗೋಡೆಗಳು ಒಂದಕ್ಕೊಂದು ಮಾತಾಡಿಕೊಳ್ಳುವುದು. ಲೆಕ್ಕ ಹಾಕಿ ನೋಡಬಹುದು. ಒಂದು ತಿಳಿನೀಲಿ ತನ್ನ ಮೇಲೆ ಬಿದ್ದ ನೀಲಿ ಬೆಳಕಿನಲ್ಲಿ ನೂರಕ್ಕೆ 80ನ್ನೂ, ಕೆಂಪು ಬೆಳಕಿನಲ್ಲಿ 60ನ್ನೂ ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳಿ. ಅದೇ ಬೆಳಕು ಎದುರು ಗೋಡೆಗೆ ಬಡಿದು ಮರಳಿದಾಗ 64ಕ್ಕೆ 36. ಮೂರನೇ ಗೋಡೆಗೂ ಬಡಿದರೆ 51ಕ್ಕೆ 22. ಕಾರ್ಡಿನಲ್ಲಿ ನಾಲ್ಕಕ್ಕೆ ಮೂರಿದ್ದ ಅನುಪಾತ ಕೋಣೆಯ ಮೂಲೆಗಳಲ್ಲಿ ಎರಡಕ್ಕೊಂದನ್ನೂ ದಾಟಿತು! ನಾಲ್ಕೂ ಗೋಡೆಗೆ ಬಳಿದ ತಿಳಿನೀಲಿ ಕಾರ್ಡಿಗಿಂತ ಗಾಢವಾಗಿ ಕಾಣಲು ಯಾರೂ ಕಾರಣರಲ್ಲ, ಗುಣಾಕಾರ ಕಾರಣ. ಆದ್ದರಿಂದ ಕಾರ್ಡಿನಲ್ಲಿ ಮನಸ್ಸಿಗೆ ಬಂದ ಪಟ್ಟಿಗಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು, ಅದರಲ್ಲೂ ಕೊಂಚ ಬೂದಿ ಬೆರೆತಂತೆ ಕಾಣುವುದನ್ನು ಹಿಡಿದರೆ ಕೈಸುಟ್ಟುಕೊಳ್ಳುವ ಸಂಭವ ಕಡಿಮೆ. ಮಾಡಿನ ಕೆಳಭಾಗ ಬಿಳಿಯಾಗಿಯೇ ಇರಲಿ.

ಇನ್ನು ಸವಣೂರಿನದೇ ಆದ ಬೆಳಕು. ಮನೆಯ ಮೂರು ಕಡೆ ತೋಟ. ಐವತ್ತು ಅಡಿ ಎತ್ತರದ ಅಡಿಕೆ ಮರಗಳ ಸೋಗೆಗಳ ನಡುವಿನಿಂದ ಇಳಿಯುವ ಬೆಳಕಿನಲ್ಲಿ ಕೆಂಪನ್ನೂ ನೀಲಿಯನ್ನೂ ಎಲೆಗಳು ತಮ್ಮ ಊಟಕ್ಕೆ ತೆಗೆದುಕೊಂಡಾಗಿರುತ್ತದೆ. ಕಿಟಕಿಯೊಳಗೆ ಬರುವುದು ಎಂಜಲು ಹಸಿರು. ಅದು ತಿಳಿನೀಲಿ ಗೋಡೆಯ ಮೇಲೆ ಬಿದ್ದರೆ ಗೋಡೆ ಕಡಲಹಸಿರಿನತ್ತ ವಾಲುತ್ತದೆ. ಹಾಗೆಂದೇ ತೋಟದ ಕಡೆಯ ಕೋಣೆಗೆ ಕಾರ್ಡಿನಲ್ಲಿ ತುಸು ನೇರಳೆಯತ್ತ ವಾಲಿದ ತಿಳಿನೀಲಿ ಒಳ್ಳೆಯದು. ಹಸಿರು ಬೆಳಕು ಅದನ್ನು ಎಳೆದು ನಡುದಾರಿಗೆ ತರುತ್ತದೆ.

ಅಂಗಳದ ಕಡೆಯ ಕೋಣೆಯ ಕತೆ ತಿರುವುಮುರುವು. ಅಲ್ಲಿ ಕೆಂಪುಕಲ್ಲಿನ ಅಂಗಳ, ಕೆಂಪುಕಲ್ಲಿನ ಪಾಗಾರ, ಒಳಗೆ ರೆಡ್ ಆಕ್ಸೈಡಿನ ನೆಲ. ಈ ಕೆಂಪುಕಲ್ಲಿಗೆ, ಅಂದರೆ ಮುರಕಲ್ಲಿಗೆ, ಲ್ಯಾಟರೈಟ್ ಎಂಬ ಹೆಸರು ಕೊಟ್ಟ ಫ್ರಾನ್ಸಿಸ್ ಬುಕಾನನ್ 1801ರ ಸುಮಾರಿಗೆ ಈ ಸೀಮೆಯಲ್ಲೆಲ್ಲ ತಿರುಗಾಡಿದವನು. ಲ್ಯಾಟಿನ್ನಿನಲ್ಲಿ ‘ಲ್ಯಾಟರ್’ ಎಂದರೆ ಇಟ್ಟಿಗೆ. ಆ ಕಲ್ಲಿನ ಕೆಂಪೂ ನೆಲದ ಕೆಂಪೂ ಒಂದೇ ವಸ್ತು, ಕಬ್ಬಿಣದ ಆಕ್ಸೈಡ್. ಬೆಳಗ್ಗಿನ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದ ಕೂಡಲೇ ಗೋಡೆಯ ಕೆಳಗಿನ ಎರಡು ಮೂರು ಅಡಿ ಮಸುಕು ಗುಲಾಬಿಗೂ ಬೂದಿಗೂ ನಡುವಿನ ಬಣ್ಣಕ್ಕೆ ತಿರುಗುತ್ತದೆ, ಮೇಲ್ಭಾಗ ನೀಲಿಯಾಗಿಯೇ ಉಳಿಯುತ್ತದೆ. ಗೋಡೆಯ ಹತ್ತಿರ ಒಂದು ಬಿಳಿ ಹಾಳೆ ಹಿಡಿದು ಮೇಲಿಂದ ಕೆಳಗೆ ಇಳಿಸಿ ನೋಡಿದರೆ ಹಾಳೆಯೂ ಬಣ್ಣ ಬದಲಿಸುವುದು ಕಾಣುತ್ತದೆ. ಈ ಕಡೆಗೆ ನೇರಳೆ ಛಾಯೆಯ ನೀಲಿ ತಂದರೆ ಕೆಟ್ಟಿತು. ಹಸಿರಿನತ್ತ ಕೊಂಚ ವಾಲಿದ್ದೇ ಇಲ್ಲಿ ಸರಿ. ಒಂದೇ ಮನೆಯ ಎರಡು ಕೋಣೆ ಒಂದೇ ರೀತಿ ಕಾಣಬೇಕಾದರೆ ಎರಡು ಬೇರೆ ಡಬ್ಬಿ ತರಬೇಕೆಂಬ ವಿಚಿತ್ರ ಇದು.

ಕೆಂಪು ನೆಲಕ್ಕೆ ಇನ್ನೊಂದು ಚಾಳಿ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ ನೂಲಿನ ಬಣ್ಣ ಮಂಕಾಗಿದೆ ಎಂಬ ದೂರುಗಳು ಬಂದವು. ಪರೀಕ್ಷಿಸಿದರೆ ಬಣ್ಣದಲ್ಲಿ ತಪ್ಪಿಲ್ಲ, ಪಕ್ಕದ ನೂಲಿನ ಬಣ್ಣ ಇದನ್ನು ಕೆಡಿಸುತ್ತಿತ್ತು. 1839ರಲ್ಲಿ ಅವನು ಬರೆದ ಗ್ರಂಥದ ತಿರುಳು ಇದೇ: ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ಕೆಂಪು ನೆಲದ ಪಕ್ಕದಲ್ಲಿ ತೀರಾ ಮಂಕು ನೀಲಿಯೂ ನೀಲಿಯಾಗಿ ಎದ್ದು ಕಾಣುತ್ತದೆ. ಬಿಳಿ ವಿಟ್ರಿಫೈಡ್ ಟೈಲ್ಸಿನ ನೆಲವಾದರೆ ಅದೇ ಗೋಡೆ ಬೂದಿ. ನೆಲ ಬದಲಿಸುವ ಆಲೋಚನೆ ಇದ್ದರೆ ಅದು ಮುಗಿಯಲಿ, ಆಮೇಲೆ ಗೋಡೆ.

ಮಳೆಗಾಲದ ಬೆಳಕು ಮತ್ತೂ ಬೇರೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶವೆಂದರೆ ಬೂದು ಮುಚ್ಚಳ. ಹಂಚಿನ ಮಾಡಿನ ಉದ್ದನೆಯ ಇಳಿಜಾರು ಮಳೆಯನ್ನು ತಡೆದಂತೆ ಬೆಳಕನ್ನೂ ತಡೆಯುತ್ತದೆ. ಮಂದ ಬೆಳಕಿನಲ್ಲಿ ಕಣ್ಣು ಶಂಕುಗಳನ್ನು ಬಿಟ್ಟು ಕಂಬಕೋಶಗಳ ಕಡೆ ವಾಲುತ್ತದೆ. ಅವಕ್ಕೆ ಕೆಂಪು ಕಾಣದು, ನೀಲಿ-ಹಸಿರು ಚೆನ್ನಾಗಿ ಕಾಣುತ್ತದೆ. ಜೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು 19ನೇ ಶತಮಾನದ ಆರಂಭದಲ್ಲೇ ಹೂಗಳಲ್ಲಿ ಕಂಡುಕೊಂಡ. ಸವಣೂರಿನ ಅಂಗಳದ ಕೆಂಪು ದಾಸವಾಳವೂ ಆಷಾಢದ ಸಂಜೆ ಕತ್ತಲಾಗುವ ಹೊತ್ತಿಗೆ ಕಪ್ಪಾಗಿ, ಹಿಂದಿನ ತಿಳಿನೀಲಿ ಗೋಡೆ ತಾನೇ ಬೆಳಗಿದ ಹಾಗೆ ಕಾಣುವುದುಂಟು. ಕರೆಂಟು ಹೋಗಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ, ಅಷ್ಟು ಮಟ್ಟಿಗೆ ಆ ತೊಂದರೆಯಿಂದ ಉಪಕಾರ.

ಕರೆಂಟು ಬಂದ ಮೇಲೆ ಬಲ್ಬಿನ ಸರದಿ. ಎಲ್‌ಇಡಿ ಪೆಟ್ಟಿಗೆಯ ಮೇಲೆ 6500 ಕೆ ಎಂದಿದ್ದರೆ ಮೋಡದ ಹಗಲಿನಂಥ ಬಿಳಿ, ತಿಳಿನೀಲಿಗೆ ಅನುಕೂಲ. 2700 ಅಥವಾ 3000 ಎಂದಿದ್ದರೆ ಹಳೆಯ ಬಲ್ಬಿನ ಹಳದಿ ಬೆಳಕು, ಅದರಲ್ಲಿ ನೀಲಿಯೇ ಕಡಿಮೆ. ಗೋಡೆಗೆ ಹಿಂದಿರುಗಿಸಲು ನೀಲಿ ಸಿಗದಿದ್ದರೆ ಅದು ಬೂದಿಯಾಗದೆ ಇನ್ನೇನಾದೀತು? ಅಲ್ಟ್ರಾಮರೀನ್ ಬೆರೆತ ಬಣ್ಣ ಕಡುಗೆಂಪನ್ನೂ ಕೊಂಚ ಹಿಂದಿರುಗಿಸುವುದರಿಂದ ಹಳೆಯ ಬಲ್ಬಿನ ಬೆಳಕಲ್ಲಿ ನೇರಳೆಯತ್ತ ಹೋಗುತ್ತದೆ, ಥಾಲೋ ಬೆರೆತದ್ದು ಹಸಿರಿನತ್ತ. ಅಂಗಡಿಯ ಟ್ಯೂಬ್‌ಲೈಟಿನಡಿ ಅವಳಿಗಳಂತೆ ಕಂಡ ಎರಡು ಬಣ್ಣ ಮನೆಯಲ್ಲಿ ಬೇರೆಯಾಗುವುದು ಹೀಗೆ.

ನೋಡುವ ಕಣ್ಣೂ ಲೆಕ್ಕಕ್ಕೆ ಬರಬೇಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿಯನ್ನು ಸೋಸುತ್ತದೆ. ಚಿತ್ರಕಾರ ಕ್ಲಾಡ್ ಮೊನೆ 1923ರಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಎಲ್ಲವೂ ಅತಿಯಾಗಿ ನೀಲಿ ಕಾಣುತ್ತಿದೆ ಎಂದು ಗೊಣಗಿದ್ದ. ಗೋಡೆ ನೋಡಿ ಅಜ್ಜಿ ‘ಬಿಳಿಯೇ ಅಲ್ವಾ ಇದು’ ಎಂದರೆ, ಮೊಮ್ಮಗಳು ‘ಇಷ್ಟು ನೀಲಿ ಯಾಕೆ’ ಎಂದರೆ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ.

‘ಆಕಾಶ ನೀಲಿ’ ಕೊಡಿ ಎಂದು ಕೇಳುವವರಿಗೆ ಒಂದು ಮಾತು. ಆಕಾಶ ಒಂದೇ ನೀಲಿಯಲ್ಲ. ಗಾಳಿಯ ಅಣುಗಳು 450 ನ್ಯಾನೋಮೀಟರಿನ ನೀಲಿಯನ್ನು 650ರ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರಿಸುತ್ತವೆ, ಅದಕ್ಕೇ ನೆತ್ತಿಯ ಮೇಲೆ ಗಾಢ. ದಿಗಂತದ ಬಳಿ ಧೂಳು, ನೀರಹನಿಗಳು ಎಲ್ಲ ಬಣ್ಣವನ್ನೂ ಸಮವಾಗಿ ಚದುರಿಸಿ ಅದಕ್ಕೆ ಬಿಳಿ ಬೆರೆಸುತ್ತವೆ. ಮನೆಯೊಳಗೆ ಜನ ಬಯಸುವುದು ಈ ದಿಗಂತದ ನೀಲಿಯನ್ನು. ಸ್ವಿಟ್ಜರ್ಲೆಂಡಿನ ಸೊಸ್ಯೂರ್ 1789ರ ಹೊತ್ತಿಗೆ ಪ್ರಷ್ಯನ್ ನೀಲಿಯಲ್ಲಿ ಅದ್ದಿದ ಐವತ್ತಕ್ಕೂ ಹೆಚ್ಚು ಕಾಗದದ ಚೂರುಗಳನ್ನು ವೃತ್ತಾಕಾರವಾಗಿ ಜೋಡಿಸಿ, ಅದನ್ನು ಆಕಾಶಕ್ಕೆ ಹಿಡಿದು ನೀಲಿಯ ಅಳತೆ ತೆಗೆಯುತ್ತಿದ್ದ. ಶೇಡ್ ಕಾರ್ಡಿನ ಮುತ್ತಜ್ಜ ಅದು. 1921ರಲ್ಲಿ ಹಡಗಿನಲ್ಲಿ ಬರುವಾಗ ಮೆಡಿಟರೇನಿಯನ್ ಕಡಲಿನ ನೀಲಿ ಆಕಾಶದ ಬರೀ ಪ್ರತಿಬಿಂಬವಲ್ಲ ಎಂದು ಪಟ್ಟು ಹಿಡಿದ ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕೂತು ಹೂಗಳ ಬಣ್ಣ, ಕಣ್ಣಿನ ನೋಟವನ್ನೇ ಅಭ್ಯಾಸ ಮಾಡಿದರು. ಬಣ್ಣದ ಅರ್ಧ ಕಣ್ಣಿನಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು.

ನೀಲಿ ಬಳಿದರೆ ಕೋಣೆ ತಂಪಾಗುತ್ತದೆಯೇ? ಮನಸ್ಸಿಗೆ ತಂಪೆನಿಸಬಹುದು, ಥರ್ಮಾಮೀಟರಿಗೆ ಅನಿಸದು. ಗೋಡೆ ಹೊರಸೂಸುವ ಶಾಖದ ಕಿರಣಗಳಿಗೆ ಬಿಳಿ ಪೈಂಟು, ನೀಲಿ ಪೈಂಟು, ಹಳದಿ ಪೈಂಟು ಎಲ್ಲ ಒಂದೇ. ಏಪ್ರಿಲಿನ ಸೆಕೆ ಇಳಿಯುವುದು ಮಾಡಿನಿಂದ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಶುರುಮಾಡಿದ ಹಂಚು ತನ್ನ ಸಂದುಗಳಿಂದ ಗಾಳಿ ಆಡಿಸುತ್ತದೆ, ತಾರಸಿ ಹಾಗಲ್ಲ. ತಾರಸಿಯ ಮೇಲೆ ಮಳೆಗೆಂದು ಹಾಕಿಸಿದ ಶೀಟಿನ ಮಾಡು ಬಿಸಿಲಿಗೂ ಕೊಡೆ ಹಿಡಿಯುತ್ತದೆ, ಅದರ ಮುಂದೆ ಗೋಡೆಯ ಬಣ್ಣ ಏನೂ ಅಲ್ಲ. ಸೊಳ್ಳೆ ಬಾರದೆಂಬ ಮಾತೂ ಕಿವಿಗೆ ಬೀಳುತ್ತದೆ. 2022ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಡೆಂಗೆ ಹರಡುವ ಈಡಿಸ್ ಸೊಳ್ಳೆಗಳಿಗೆ ಉಸಿರಿನ ವಾಸನೆ ತೋರಿಸಿ ಪರೀಕ್ಷಿಸಿದಾಗ ಅವು ಕೆಂಪು, ಕಿತ್ತಳೆ, ಕಪ್ಪು ಮತ್ತು ಹಸಿರುನೀಲಿಯ ಕಡೆ ಹಾರಿದವು, ನೀಲಿ, ನೇರಳೆ, ಹಸಿರು, ಬಿಳಿಯನ್ನು ಲೆಕ್ಕಿಸಲಿಲ್ಲ. ಆದರೆ ಅದು ಪ್ರಯೋಗಾಲಯದ ಸಣ್ಣ ಬಣ್ಣದ ಬಿಲ್ಲೆಗಳ ಮಾತು. ಅಂಗಳದ ಚಿಪ್ಪು, ಟಯರುಗಳಲ್ಲಿ ನೀರು ನಿಲ್ಲಲು ಬಿಟ್ಟು ಗೋಡೆಯ ಬಣ್ಣವನ್ನು ನಂಬಿ ಕೂರುವ ಹಾಗಿಲ್ಲ.

ತಿಳಿನೀಲಿಯ ನಿಜವಾದ ಶತ್ರು ಬೂಸ್ಟು. ಗಾಢ ಬಣ್ಣದಲ್ಲಿ ಅಡಗುವ ಕಪ್ಪು ಚುಕ್ಕಿ ಇದರ ಮೇಲೆ ದೂರದಿಂದಲೇ ಕಾಣುತ್ತದೆ. ಮುರಕಲ್ಲಿನ ಗೋಡೆ ಸ್ಪಂಜಿನಂತೆ ನೀರೆಳೆಯುತ್ತದೆ. ಸುಣ್ಣದ ಗೋಡೆ ಉಸಿರಾಡುತ್ತಿತ್ತು, ಅದರ ಕ್ಷಾರಕ್ಕೆ ಬೂಸ್ಟೂ ಹೆದರುತ್ತಿತ್ತು. ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಸುಣ್ಣ ಮತ್ತೆ ಸುಣ್ಣಕಲ್ಲಾಗುತ್ತಾ ಹೋದಂತೆ ಆ ಕ್ಷಾರ ಕಡಿಮೆಯಾಗುತ್ತದೆ. ವರ್ಷವರ್ಷವೂ ಹಬ್ಬಕ್ಕೆ ಸುಣ್ಣ ಬಳಿಯುವ ಪದ್ಧತಿಯಲ್ಲಿ ಶೃಂಗಾರದಷ್ಟೇ ಆರೋಗ್ಯವೂ ಇತ್ತು. ಎಮಲ್ಶನ್ ಹಾಗಲ್ಲ, ಒಳಗೆ ನೀರುಳಿದ ಗೋಡೆಯ ಮೇಲೆ ಅದನ್ನು ಬಳಿದರೆ ಮುಂದಿನ ಮಳೆಗಾಲಕ್ಕೆ ಗುಳ್ಳೆ ಎದ್ದು ಹಪ್ಪಳದಂತೆ ಬಿಡುತ್ತದೆ. ಹೊಸ ಸಿಮೆಂಟ್ ಗಾರೆಗೆ ಕಡಿಮೆಯೆಂದರೆ 28 ದಿನ ಕ್ಯೂರಿಂಗ್, ಆಮೇಲೆ ಒಣಗಲು ಸಮಯ, ಪ್ರೈಮರ್, ಪುಟ್ಟಿ. ಡಿಸೆಂಬರಿನಿಂದ ಏಪ್ರಿಲಿನೊಳಗೆ ಕೆಲಸ ಮುಗಿಯಬೇಕು.

ಹಾಗಾದರೆ ಆರಿಸುವುದು ಹೇಗೆ? ಎರಡಡಿ ಉದ್ದಗಲದ ಒಂದು ಪ್ಲೈವುಡ್ಡಿನ ತುಂಡಿಗೆ ಬಿಳಿ ಪ್ರೈಮರ್ ಹೊಡೆದು, ಸಣ್ಣ ಡಬ್ಬಿಯ ಬಣ್ಣವನ್ನು ಎರಡು ಕೋಟ್ ಬಳಿದು ಪೂರ್ತಿ ಒಣಗಲು ಬಿಡಿ. ಗೋಡೆಯ ಮೇಲೇ ಬಳಿದರೆ ಹಳೆಯ ಬಣ್ಣ ಸುತ್ತ ನಿಂತು ಕಣ್ಣನ್ನು ದಾರಿ ತಪ್ಪಿಸುತ್ತದೆ, ಶೆವ್ರಲ್‌ನ ನೂಲಿನ ಹಾಗೆ. ಹಲಗೆಯಾದರೆ ತೋಟದ ಕಡೆಯ ಕೋಣೆಗೂ ಅಂಗಳದ ಕಡೆಯ ಕೋಣೆಗೂ ಹೊತ್ತೊಯ್ಯಬಹುದು. ಮೂಲೆಯಲ್ಲಿ ನಿಲ್ಲಿಸಿ, ನೆಲಕ್ಕೆ ತಾಗಿಸಿ ಇಡಿ, ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ಬಲ್ಬು ಹಾಕಿದ ಮೇಲೆ ನೋಡಿ. ಅಜ್ಜಿಯನ್ನೂ ಕರೆಯಿರಿ. ಬಣ್ಣ ಬಳಿಸುವ ತಿಂಗಳಲ್ಲಿ ಮೋಡ ಸಿಗುವುದಿಲ್ಲವಾದ್ದರಿಂದ ಸಾಧ್ಯವಾದರೆ ಹಿಂದಿನ ಸೆಪ್ಟೆಂಬರಿನಲ್ಲೇ ಒಮ್ಮೆ ಹಲಗೆ ಇಟ್ಟು ನೋಡುವುದು ಒಳ್ಳೆಯದು. ನಾಲ್ಕು ತಿಂಗಳು ಮನೆಯೊಳಗೇ ಕೂರಬೇಕಾದ ಕಾಲದ ಬೆಳಕು ಅದು.

ಆರಿಸಿ ಬಳಿದಾದ ಮೇಲೆ ಒಂದು ಕೆಲಸ ಉಳಿಯುತ್ತದೆ. ಬಣ್ಣದ ಹೆಸರು ನೆನಪಿದ್ದರೆ ಸಾಲದು, ಹೆಸರುಗಳು ಬದಲಾಗುತ್ತವೆ. ಶೇಡಿನ ಕೋಡ್ ಸಂಖ್ಯೆ, ಯಾವ ಬೇಸ್, ಯಾವ ದರ್ಜೆಯ ಎಮಲ್ಶನ್, ಬಳಿದ ತಿಂಗಳು: ಇಷ್ಟನ್ನು ಕಪಾಟಿನ ಬಾಗಿಲಿನ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಅಂಗಡಿಯ ಯಂತ್ರಕ್ಕೆ ಬೇಕಾಗುವುದು ಅಷ್ಟೇ.